ಡಾರ್ವಿನ್‌ನಿಂದ ಜಕಾರ್ತಕ್ಕೆ ದನದ ಹಡಗು: ತಕ್ಕಡಿ ಕಾಣುವಷ್ಟು ದೂರ ಒಳ್ಳೆಯ ಸೇವೆ

ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನಿಂದ ಇಂಡೊನೇಷ್ಯಾಕ್ಕೆ ಜೀವಂತ ದನ ಸಾಗಿಸುವ ಸೇವೆಯನ್ನು ಹಡಗಿನ ಐದಾರು ದಿನಕ್ಕಷ್ಟೇ ಅಳೆದರೆ ಅರ್ಧ ಮಾತ್ರ ಅಳೆದಂತೆ. ಹುಲ್ಲುಗಾವಲಲ್ಲಿ ರಾಸು ಒಟ್ಟುಮಾಡುವ ದಿನದಿಂದ ಜಾವಾದ ಕಸಾಯಿಖಾನೆಯ ರಾತ್ರಿಯವರೆಗೆ ಅದು ಒಂದೇ ಸರಪಳಿ. ದನ ಮಾರುವವರು, ಕೊಳ್ಳುವವರು, ದನದ ಪರ ದನಿ ಎತ್ತುವವರು ಎಲ್ಲರೂ ಇಡೀ ಸರಪಳಿಯನ್ನೇ ನೋಡಬೇಕು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ತೂಕಕ್ಕೆ ದುಡ್ಡು ಸಿಗುವ ಕಡೆಯೆಲ್ಲ ಈ ಸೇವೆಯಲ್ಲಿ ರಾಸಿನ ಆರೈಕೆ ಚೆನ್ನಾಗಿದೆ. ಕೊನೆಯ ತೂಕ ಮುಗಿದ ಮೇಲೆ ರಾಸನ್ನು ಕಾಯುವುದು ಕಾನೂನು ಮಾತ್ರ. ಅಲ್ಲಿ ಕಾನೂನು ಸಡಿಲವಾದ ದಿನ ಹಿಂಸೆಯೂ ಶುರುವಾಗುತ್ತದೆ.

ಮಾಂಸವನ್ನೇ ಪೆಟ್ಟಿಗೆಯಲ್ಲಿ ಕಳಿಸಬಹುದಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆ. ಉತ್ತರ ಆಸ್ಟ್ರೇಲಿಯಾದಲ್ಲಿ ಅದನ್ನು ಮಾಡಿಯೂ ನೋಡಿದ್ದಾರೆ. ಆಸ್ಟ್ರೇಲಿಯನ್ ಅಗ್ರಿಕಲ್ಚರಲ್ ಕಂಪನಿ ಡಾರ್ವಿನ್ ಹತ್ತಿರದ ಲಿವಿಂಗ್‌ಸ್ಟನ್‌ನಲ್ಲಿ ದೊಡ್ಡ ಮಾಂಸ ಸಂಸ್ಕರಣಾ ಘಟಕ ಕಟ್ಟಿ 2014ರಲ್ಲಿ ಕೆಲಸ ಆರಂಭಿಸಿತು, 2018ರಲ್ಲಿ ಬಾಗಿಲು ಹಾಕಿತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ರಸ್ತೆ ಮುಳುಗುವುದರಿಂದ ಅಲ್ಲಿ ವರ್ಷವಿಡೀ ದನ ಬರುವುದಿಲ್ಲ. ಕೂಲಿ ದುಬಾರಿ, ವಿದ್ಯುತ್ ದುಬಾರಿ. ಜೊತೆಗೆ ಉತ್ತರದ ಹುಲ್ಲಿನಲ್ಲಿ ಪ್ರೋಟೀನ್ ಕಡಿಮೆಯಾದ್ದರಿಂದ ಅಲ್ಲಿ ದನ ಹುಟ್ಟಿ ಬೆಳೆಯಬಹುದೇ ಹೊರತು ಕೊಬ್ಬಲು ಹೆಚ್ಚು ಕಾಲ ಬೇಕು.

ಆಚೆ ದಡದಲ್ಲಿ ಲೆಕ್ಕ ತಿರುಗಿದೆ. ಸುಮಾತ್ರಾದ ಲ್ಯಾಂಪುಂಗ್ ಮತ್ತು ಪಶ್ಚಿಮ ಜಾವಾದಲ್ಲಿ ದನ ಕೊಬ್ಬಿಸುವ ದೊಡ್ಡಿಗಳಾದ ಫೀಡ್‌ಲಾಟ್‌ಗಳಿಗೆ ತಾಳೆ ಹಿಂಡಿ, ಮರಗೆಣಸಿನ ಗಸಿ, ಅನಾನಸ್ ಸಿಪ್ಪೆ, ಭತ್ತದ ತೌಡು, ಕಾಕಂಬಿ ಹತ್ತಿರದಲ್ಲೇ ಅಗ್ಗಕ್ಕೆ ಸಿಗುತ್ತವೆ. 320 ಕಿಲೋದ ಹೋರಿ ಅಲ್ಲಿ 110 ದಿನ ನಿಂತು ದಿನಕ್ಕೆ 1.3 ಕಿಲೋದಂತೆ ಮೈಗೂಡಿಸಿಕೊಂಡರೆ 463 ಕಿಲೋ ಆಗುತ್ತದೆ. ಆ 143 ಕಿಲೋ ಇಂಡೊನೇಷ್ಯಾದ ಮೇವಿನ, ಇಂಡೊನೇಷ್ಯಾದ ಕೂಲಿಯ ಗಳಿಕೆ. ಚರ್ಮ, ತಲೆ, ಕಾಲು, ಕರುಳು ಎಲ್ಲಕ್ಕೂ ಅಲ್ಲೇ ಗಿರಾಕಿ ಇದ್ದಾರೆ. ಹೀಗಾಗಿ ಆಮದುದಾರರು ಕೇಳುವುದು ಕೊಬ್ಬಿದ ದನವನ್ನಲ್ಲ, ಮೂಳೆ ಬೆಳೆದು ಮಾಂಸ ತುಂಬದ ಹಗುರ ರಾಸನ್ನು.

ಈ ವ್ಯಾಪಾರದ ಬೆನ್ನೆಲುಬು ಬ್ರಾಹ್ಮನ್ ಮತ್ತು ಅದರ ಮಿಶ್ರತಳಿ. ಅಮೆರಿಕದಲ್ಲಿ ರೂಪುಗೊಂಡ ಈ ತಳಿಯ ಮೂಲ ಭಾರತದ ಕಾಂಕ್ರೇಜ್, ಓಂಗೋಲ್, ಗಿರ್ ಮತ್ತು ನಮ್ಮ ಕೃಷ್ಣಾ ಕಣಿವೆಯ ದನಗಳು. ಸಡಿಲ ಚರ್ಮ, ಹೆಚ್ಚು ಬೆವರುವ ಮೈ, ಕಡಿಮೆ ಒಳಗಾವು ಹಡಗಿನಲ್ಲಿ ಇವುಗಳನ್ನು ಉಳಿಸುತ್ತವೆ. ಆದರೆ ಇವು ಮನುಷ್ಯನನ್ನು ವರ್ಷಕ್ಕೆ ಎರಡು ಸಲ ಮಾತ್ರ ನೋಡಿ ಬೆಳೆದ ರಾಸುಗಳು. ಬೆದರಿದರೆ ಬೇಲಿಗೇ ನುಗ್ಗುತ್ತವೆ. ಎಳೆಯದರಲ್ಲೇ, ತಾಯಿಯಿಂದ ಬಿಡಿಸಿದ ವಾರಗಳಲ್ಲಿ ದೊಡ್ಡಿಯೊಳಗೆ ನಡೆಸಿ, ಗೋದಲಿಯಲ್ಲಿ ತಿನ್ನಿಸಿ, ಗೇಟು ದಾಟಿಸಿ ಪಳಗಿಸಿದ ಮಂದೆಗೂ ನೇರವಾಗಿ ಹೆಲಿಕಾಪ್ಟರ್‌ನಲ್ಲಿ ಅಟ್ಟಿ ತಂದ ಮಂದೆಗೂ ಹಡಗು ಹತ್ತುವ ಹೊತ್ತಿಗೆ ಅಜಗಜಾಂತರ.

ತಕ್ಕಡಿಯ ಕೆಲಸ ಕಾಣುವುದು ಇಲ್ಲಿಂದ. ರೈತನಿಗೆ ದುಡ್ಡು ಸಿಗುವುದು ರಫ್ತು ದೊಡ್ಡಿಯ ಜೀವಂತ ತೂಕಕ್ಕೆ. ಮೂರು ಟ್ರೇಲರ್‌ಗಳ ರೋಡ್ ಟ್ರೇನ್‌ನಲ್ಲಿ ನೂರಾರು ಕಿಲೋಮೀಟರ್ ಬಂದ ರಾಸು ಹೊಟ್ಟೆಯ ಮೇವು ಮತ್ತು ಮೈನೀರು ಎರಡನ್ನೂ ಕಳೆದುಕೊಂಡಿರುತ್ತದೆ. 330 ಕಿಲೋದ ರಾಸು ಶೇ. 6 ಇಳಿದರೆ ಸುಮಾರು 20 ಕಿಲೋ ಹೋಯಿತು. ಕಿಲೋಗೆ 3 ಆಸ್ಟ್ರೇಲಿಯನ್ ಡಾಲರ್ ಎಂದು ಇಟ್ಟುಕೊಂಡರೆ ರಾಸೊಂದಕ್ಕೆ 60 ಡಾಲರ್. ಆದ್ದರಿಂದಲೇ ಒಳ್ಳೆಯ ದೊಡ್ಡಿಗಳಲ್ಲಿ ನಾಯಿ ಬಿಡುವುದಿಲ್ಲ, ಕೂಗುವುದಿಲ್ಲ, ವಿದ್ಯುತ್ ಕೋಲಿನ ಬದಲು ಬಾವುಟ ಹಿಡಿಯುತ್ತಾರೆ, ಲಾರಿ ಹತ್ತಿಸುವ ಮುಂಚೆ ಒಣಹುಲ್ಲು ತಿನ್ನಿಸುತ್ತಾರೆ. ಬೆದರಿದ ರಾಸು ನೀರು ಕುಡಿಯುವುದಿಲ್ಲ, ನೀರು ಕುಡಿಯದ್ದು ತೂಕ ಹಿಡಿಯುವುದಿಲ್ಲ. ಇಲ್ಲಿ ದನದ ಹಿತವೂ ಮಾಲೀಕನ ಹಿತವೂ ಒಂದೇ ದಿಕ್ಕಿಗಿವೆ. ಈ ಹಂತಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು.

ರಫ್ತು ದೊಡ್ಡಿಯಲ್ಲಿ ನಡೆಯುವ ಆಯ್ಕೆ ಇಡೀ ಪಯಣದ ಹಣೆಬರಹ ಬರೆಯುತ್ತದೆ. ಕುಂಟು, ಕಣ್ಣುಬೇನೆ, ಮಾಯದ ಗಾಯ, ಮೂಗು ಸೋರುವುದು, ಬಡಕಲು ಮೈ ಇದ್ದರೆ ಹೊರಗೆ. ಕೋಡು 12 ಸೆಂಟಿಮೀಟರಿಗಿಂತ ಉದ್ದವಾಗಿದ್ದರೆ ಸಾಮಾನ್ಯವಾಗಿ ತಿರಸ್ಕಾರ. ಹಡಗಿನಲ್ಲಿ ಬೇಲಿ ಹಾಕಿ ಬೇರ್ಪಡಿಸಿದ ಅಂಕಣದ ಇಕ್ಕಟ್ಟಿನಲ್ಲಿ ಒಂದು ಚೂಪು ಕೋಡು ಸುತ್ತಲಿನ ರಾಸುಗಳ ಪಕ್ಕೆ ಸೀಳಬಲ್ಲದು. ಕಡಸುಗಳಿಗೆ ಗಬ್ಬದ ಪರೀಕ್ಷೆ ಬೇಕು. ಉಳಿದವನ್ನು ಗಾತ್ರ, ಲಿಂಗ, ಕೋಡು ನೋಡಿ ಬೇರೆ ಬೇರೆ ಮಾಡುತ್ತಾರೆ.

ಎಡವುವುದು ಹೆಚ್ಚಾಗಿ ಮೇವಿನಲ್ಲಿ. ಹುಲ್ಲು ಮಾತ್ರ ತಿಂದು ಬಂದ ರಾಸಿಗೆ ಹಡಗಿನ ಪೆಲೆಟ್ (ಒತ್ತಿ ಮಾಡಿದ ಮೇವಿನ ಗುಳಿಗೆ) ಹೊಸದು. ದೊಡ್ಡಿಯಲ್ಲೇ ಹುಲ್ಲಿನ ಜೊತೆ ಬೆರೆಸಿ ದಿನದಿನಕ್ಕೆ ಪ್ರಮಾಣ ಏರಿಸದಿದ್ದರೆ ಕೆಲವು ಗೋದಲಿಗೆ ಬಾಯಿಯನ್ನೇ ಹಾಕುವುದಿಲ್ಲ, ಕೆಲವು ಹಸಿದು ಒಮ್ಮೆಗೇ ತಿಂದು ಹೊಟ್ಟೆ ಹುಳಿಸಿಕೊಳ್ಳುತ್ತವೆ. ಪೆಲೆಟ್‌ನಲ್ಲಿ ನಾರು ಹೆಚ್ಚು, ಪಿಷ್ಟ ಕಡಿಮೆ ಇರಬೇಕು, ಕೈಯಲ್ಲಿ ಹಿಸುಕಿದರೆ ಪುಡಿಯಾಗಬಾರದು. ಪುಡಿ ಗೋದಲಿಯ ತಳದಲ್ಲಿ ಎಂಜಲಿನೊಂದಿಗೆ ಸೇರಿ ಹುಳಿಯುತ್ತದೆ. ಆ ವಾಸನೆಗೆ ಚೆನ್ನಾಗಿ ತಿನ್ನುತ್ತಿದ್ದ ರಾಸೂ ಹಿಂದೆ ಸರಿಯುತ್ತದೆ.

ಇನ್ನು ಹಡಗು. ಜಾಗದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ದುಡ್ಡು ಮತ್ತು ದನ ಎದುರುಬದುರಾಗುವುದು ಇಲ್ಲಿಯೇ. ರಾಸಿಗೆ ಬೇಕಾದ ನೆಲವನ್ನು ತೂಕದ 0.66ನೇ ಘಾತಕ್ಕೆ ಒಂದು ಗುಣಾಂಕ ಹಾಕಿ ಲೆಕ್ಕಿಸುತ್ತಾರೆ. ಗುಣಾಂಕ 0.020 ಆದರೆ ನಿಲ್ಲಲು ಸಾಕು. 0.027 ಆದರೆ ಅಂಕಣದ ಎಲ್ಲವೂ ಒಟ್ಟಿಗೆ ಮಲಗಬಹುದು. 0.033 ಆದರೆ ಮಲಗಿದವನ್ನು ತುಳಿಯದೆ ಉಳಿದವು ಗೋದಲಿಗೆ ಹೋಗಿ ಬರಬಹುದು. 300 ಕಿಲೋ ರಾಸಿಗೆ ಎರಡನೆಯದು ಸುಮಾರು 1.17 ಚದರ ಮೀಟರ್, ಮೂರನೆಯದು 1.42. ಆಸ್ಟ್ರೇಲಿಯಾದ ಹಳೆಯ ರಫ್ತು ಮಾನದಂಡದ ಕೋಷ್ಟಕ ಅದೇ ತೂಕಕ್ಕೆ ಕೊಟ್ಟಿದ್ದು ಸುಮಾರು 1.11, ಎಂದರೆ ಎಲ್ಲವೂ ಒಟ್ಟಿಗೆ ಮಲಗಲೂ ಸಾಲದಷ್ಟು. 2,000 ಚದರ ಮೀಟರ್ ಅಂಕಣವಿರುವ ಹಡಗಿನಲ್ಲಿ 1.11ರಂತೆ 1,800 ರಾಸು ಹಿಡಿಯುತ್ತವೆ, 1.42ರಂತೆ ಸುಮಾರು 1,400. ಹಡಗಿನ ಬಾಡಿಗೆ ಅಷ್ಟೇ ಆದ್ದರಿಂದ ತಲೆಗೆ ಬೀಳುವ ಸಾಗಣೆ ಖರ್ಚು ಕಾಲುಭಾಗಕ್ಕೂ ಮೀರಿ ಏರುತ್ತದೆ. 2020ರ ನವೆಂಬರಿನಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾನದಂಡ ಈ ಘಾತದ ಲೆಕ್ಕದ ಕಡೆಗೆ ಸರಿದದ್ದು ಒಳ್ಳೆಯ ಹೆಜ್ಜೆ. ಐದು ದಿನದ ದಾರಿಯಲ್ಲಿ ಇಕ್ಕಟ್ಟನ್ನು ಗಟ್ಟಿ ರಾಸು ತಡೆದುಕೊಳ್ಳುತ್ತದೆ. ಆದರೆ ಒಮ್ಮೆ ಮಲಗಿದ್ದು ಏಳಲು ಜಾಗ ಸಿಗದೆ ತುಳಿತಕ್ಕೆ ಸಿಕ್ಕರೆ ಅದು ಮತ್ತೆ ಏಳುವುದು ಕಷ್ಟ. ಅಂಥದ್ದನ್ನು ಕಂಡ ಕೂಡಲೇ ಬೇರೆ ಅಂಕಣಕ್ಕೆ ಸಾಗಿಸಬೇಕು. ಅದಕ್ಕಾಗಿ ಪ್ರತಿ ಡೆಕ್‌ನಲ್ಲೂ ಒಂದು ಖಾಲಿ ಅಂಕಣ ಬಿಟ್ಟಿರಬೇಕು. ಹಡಗು ಹತ್ತಿ ನೋಡಲು ಅವಕಾಶ ಸಿಕ್ಕವರು ಮೊದಲು ಆ ಖಾಲಿ ಅಂಕಣ ಎಲ್ಲಿದೆ ಎಂದು ಕೇಳಿ.

320 ಕಿಲೋ ರಾಸಿಗೆ ತೂಕದ ಶೇ. 2ರಂತೆ ದಿನಕ್ಕೆ 6.4 ಕಿಲೋ ಮೇವು, ಶೇ. 12ರಂತೆ 38 ಲೀಟರ್ ನೀರು ಬೇಕು. 2,000 ರಾಸಿಗೆ ದಿನಕ್ಕೆ ಸುಮಾರು 13 ಟನ್ ಮೇವು, 77 ಟನ್ ನೀರು. ಸೆಕೆ ಏರಿದರೆ ನೀರು ಇನ್ನೂ ಹೆಚ್ಚು. ಸಮುದ್ರದ ನೀರು ಸಿಹಿ ಮಾಡುವ ಯಂತ್ರ ಕೆಟ್ಟರೆ ಟ್ಯಾಂಕ್ ಎಷ್ಟು ದಿನ ನಡೆಸುತ್ತದೆ ಎನ್ನುವುದು ಈ ಸೇವೆಯ ನಿಜವಾದ ಭದ್ರತೆ. ಇನ್ನು ದಿನನಿತ್ಯದ ಕಾಟವೆಂದರೆ ಬಾನಿಗೆ ಸಗಣಿ ಬೀಳುವುದು, ತೇಲುಬುರುಡೆ ಸಿಕ್ಕಿಕೊಂಡು ನೀರು ನಿಲ್ಲುವುದು ಅಥವಾ ಉಕ್ಕಿ ಹಾಸನ್ನು ಕೆಸರು ಮಾಡುವುದು. ರಾತ್ರಿ ಪಾಳಿಯಲ್ಲೂ ಪ್ರತಿ ಬಾನಿಗೆ ಕೈ ಹಾಕಿ ನೋಡುವ ಆಳು ಬೇಕೇ ಬೇಕು.

ಗಾಳಿಯ ವಿಚಾರದಲ್ಲಿ ಥರ್ಮಾಮೀಟರಿನ ಒಣ ಉಷ್ಣಾಂಶವನ್ನಷ್ಟೇ ನಂಬಬೇಡಿ, ಗಾಳಿಯ ತೇವವನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಉಷ್ಣಾಂಶ ನೋಡಿ. ಸಮಭಾಜಕದ ಆಸುಪಾಸಿನಲ್ಲಿ ಅದು ಸಾಮಾನ್ಯವಾಗಿ 26ರಿಂದ 28 ಡಿಗ್ರಿ ಇರುತ್ತದೆ. ನೂರಾರು ರಾಸು ಉಸಿರಾಡುವ ಮುಚ್ಚಿದ ಡೆಕ್‌ನಲ್ಲಿ ಇನ್ನೂ ಮೇಲೆ. ನೆಲದ ಮೇಲಾದರೆ ರಾತ್ರಿ ತಂಪಾಗಿ ರಾಸು ಹಗಲಿನ ಕಾವನ್ನು ಹೊರಹಾಕುತ್ತದೆ. ಸಮುದ್ರದ ನೀರು ರಾತ್ರಿಯೂ ಆರುವುದಿಲ್ಲ, ಹಾಗಾಗಿ ಆ ಬಿಡುವೇ ಇಲ್ಲ. ಬ್ರಾಹ್ಮನ್ ಬಾಯಿ ಮುಚ್ಚಿ ಜೋರಾಗಿ ಉಸಿರಾಡಿ ನಿಭಾಯಿಸುವ ಸೆಕೆಯಲ್ಲಿ ಯುರೋಪು ತಳಿಗಳಾದ ಆಂಗಸ್ ಅಥವಾ ಹೋಲ್‌ಸ್ಟೀನ್ ನಾಲಿಗೆ ಚಾಚಿ ಏದುಸಿರು ಬಿಡುತ್ತಿರುತ್ತದೆ. ಬಂದರಿನಲ್ಲಿ ನಿಂತಾಗಲೇ ಹೆಚ್ಚು ಅಪಾಯ: ಹಡಗು ಚಲಿಸದಿದ್ದರೆ ತೆರೆದ ಡೆಕ್‌ಗೆ ಗಾಳಿಯೇ ಬರುವುದಿಲ್ಲ.

ಆಸ್ಟ್ರೇಲಿಯಾದ ಮಾನದಂಡದ ಪ್ರಕಾರ ದನಗಳ ಸಾವು ಶೇ. 0.5 ಮೀರಿದರೆ ತನಿಖೆ. ಈ ಕಿರುದಾರಿಯಲ್ಲಿ ಸಾವು ಸಾಮಾನ್ಯವಾಗಿ ಶೇ. 0.1ರ ಆಸುಪಾಸು, ಎಂದರೆ 2,000ದಲ್ಲಿ ಎರಡು. ಉದ್ಯಮ ಇದನ್ನೇ ಎತ್ತಿ ತೋರಿಸುತ್ತದೆ. ಸಂಖ್ಯೆ ಸುಳ್ಳಲ್ಲ, ಆದರೆ ಅಳತೆಗೋಲು ಮೊಂಡು. ಐದು ದಿನ ತಿನ್ನದೆ ನಿಂತದ್ದು, ಕಬ್ಬಿಣದ ನೆಲಕ್ಕೆ ಗೊರಸು ಸವೆದದ್ದು, ಅಮೋನಿಯಾಕ್ಕೆ ಕಣ್ಣಲ್ಲಿ ನೀರು ಸುರಿಸಿದ್ದು ಯಾವುದೂ ಅದರಲ್ಲಿ ಬರುವುದಿಲ್ಲ. ದನಗಳನ್ನು ಹೆಚ್ಚಾಗಿ ಕೊಲ್ಲುವುದು ಶ್ವಾಸಕೋಶದ ಬೇನೆ. ಅದರ ಬೀಜ ಬೀಳುವುದು ದೊಡ್ಡಿಯಲ್ಲಿ, ಎಷ್ಟೋ ಸಲ ಸಾವು ಸಂಭವಿಸುವುದು ಇಳಿಸಿದ ಮೇಲೆ ಫೀಡ್‌ಲಾಟ್‌ನಲ್ಲಿ. ಆಗ ಹಡಗಿನ ಲೆಕ್ಕ ಚೊಕ್ಕಟವಾಗಿಯೇ ಉಳಿಯುತ್ತದೆ. ಹತ್ತಿಸಿದ ತೂಕ, ಇಳಿಸಿದ ತೂಕ, ಇಳಿಸಿ ಹತ್ತು ದಿನದ ನಂತರದ ತೂಕ ಮೂರನ್ನೂ ಒಟ್ಟಿಗೆ ಇಟ್ಟರೆ ಪಯಣ ಹೇಗಿತ್ತೆಂದು ತಿಳಿಯುತ್ತದೆ. ಒಳ್ಳೆಯ ಆಮದುದಾರರು ಇದನ್ನು ಹೇಗೂ ತೂಗಿಕೊಳ್ಳುತ್ತಾರೆ. ಅದನ್ನು ಬಹಿರಂಗ ಮಾಡುವುದಷ್ಟೇ ಬಾಕಿ. ಹಡಗಿಗೆ, ಬ್ರಾಹ್ಮನ್‌ಗೆ, ಈ ಕಿರುದಾರಿಗೆ ಮೂರೂವರೆ.

ಇದೇ ಸೇವೆಯನ್ನು ದೂರದಾರಿಗೆ ಎಳೆದಾಗ ಅಂಕ ಕುಸಿಯುತ್ತದೆ. ದಕ್ಷಿಣದ ಚಳಿಯಲ್ಲಿ ದಪ್ಪ ಕೂದಲು ಬೆಳೆಸಿಕೊಂಡ ಯುರೋಪು ಮೂಲದ ರಾಸನ್ನು ಸಮಭಾಜಕ ದಾಟಿಸುವುದೇ ತಪ್ಪು ಲೆಕ್ಕ. ಜೊತೆಗೆ ದಿನ ಹೆಚ್ಚಿದಷ್ಟೂ ಹೊರಗಿನ ಅಪಾಯ ಹೆಚ್ಚು. 2020ರ ಸೆಪ್ಟೆಂಬರ್ 2ರಂದು ನ್ಯೂಜಿಲೆಂಡಿನಿಂದ ಚೀನಾಕ್ಕೆ ಹೊರಟಿದ್ದ ಗಲ್ಫ್ ಲೈವ್‌ಸ್ಟಾಕ್ 1 ಚಂಡಮಾರುತಕ್ಕೆ ಸಿಕ್ಕಿ ಜಪಾನ್ ಬಳಿ ಮುಳುಗಿತು. 43 ಸಿಬ್ಬಂದಿಯಲ್ಲಿ ಬದುಕುಳಿದದ್ದು ಇಬ್ಬರು. ಹಡಗಿನಲ್ಲಿ ಸುಮಾರು 5,800 ದನಗಳಿದ್ದವು. ನ್ಯೂಜಿಲೆಂಡ್ 2023ರ ಏಪ್ರಿಲ್ 30ರಿಂದ ಸಮುದ್ರಮಾರ್ಗದ ರಫ್ತನ್ನೇ ನಿಲ್ಲಿಸಿತು. 2020ರ ಡಿಸೆಂಬರಿನಲ್ಲಿ ಸ್ಪೇನ್‌ನಿಂದ ಹೊರಟ ಎಲ್ಬೇಕ್ ಮತ್ತು ಕರೀಮ್ ಅಲ್ಲಾ ಹಡಗುಗಳನ್ನು ನೀಲಿನಾಲಿಗೆ ರೋಗದ ಶಂಕೆಯಿಂದ ಯಾವ ಬಂದರೂ ಇಳಿಸಿಕೊಳ್ಳಲಿಲ್ಲ. ತಿಂಗಳುಗಟ್ಟಲೆ ಅಲೆದು ಹಿಂದಿರುಗಿದಾಗ ಉಳಿದ ರಾಸುಗಳನ್ನು ಕೊಲ್ಲಬೇಕಾಯಿತು. ಬಂದರು ಬೇಡವೆಂದ ಹಡಗಿಗೆ ಎರಡನೆಯ ದಾರಿ ಇರುವುದಿಲ್ಲ. ಸಾಗಣೆ ಒಪ್ಪಂದಗಳ ದೊಡ್ಡ ತೂತು ಇದೇ.

ಮತ್ತೆ ಜಾವಾಕ್ಕೆ. ಫೀಡ್‌ಲಾಟ್‌ನ ನೂರು ದಿನ ಈ ಸರಪಳಿಯ ಅತಿ ನೆಮ್ಮದಿಯ ಕಾಲ: ನೆರಳು, ಹಾಸು, ಹೊತ್ತಿಗೆ ಮೇವು. ತೂಕ ಏರಬೇಕಲ್ಲ! ಆಮೇಲೆ ಕೊನೆಯ ಲಾರಿ, ನಡುರಾತ್ರಿಯ ಕಸಾಯಿಖಾನೆ. ಬೆಳಗಿನ ಸಂತೆಗೆ ಬಿಸಿ ಮಾಂಸ ಬೇಕಾದ್ದರಿಂದ ಕೆಲಸವೆಲ್ಲ ರಾತ್ರಿಯೇ.

2011ರ ಮೇ 30ರಂದು ಆಸ್ಟ್ರೇಲಿಯಾದ ಎಬಿಸಿ ವಾಹಿನಿ, ಅನಿಮಲ್ಸ್ ಆಸ್ಟ್ರೇಲಿಯಾ ಎಂಬ ಪ್ರಾಣಿಪರ ಸಂಸ್ಥೆ ಇಂಡೊನೇಷ್ಯಾದ ಕಸಾಯಿಖಾನೆಗಳಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ಬಿತ್ತರಿಸಿತು. ಹಗ್ಗಕ್ಕೆ ಸಿಕ್ಕಿ ಕಾಂಕ್ರೀಟಿನ ಮೇಲೆ ತಲೆ ಬಡಿದುಕೊಳ್ಳುತ್ತ ಬೀಳುವ ರಾಸು, ಮೊಂಡು ಕತ್ತಿಯ ಹಲವು ಏಟು. ಅಲ್ಲಿ ಬಳಕೆಯಲ್ಲಿದ್ದ ಮಾರ್ಕ್ 1 ಪೆಟ್ಟಿಗೆ ರಾಸನ್ನು ಕಾಲು ಕಟ್ಟಿ ಪಕ್ಕಕ್ಕೆ ಉರುಳಿಸುವಂಥದ್ದು, ಆಸ್ಟ್ರೇಲಿಯಾದ ಉದ್ಯಮವೇ ಒದಗಿಸಿದ್ದು. ಬೀಳಿಸುವುದೇ ಅದರ ವಿನ್ಯಾಸವಾಗಿತ್ತು. ಎಷ್ಟು ತರಬೇತಿ ಕೊಟ್ಟರೂ ಅದು ಒಳ್ಳೆಯ ಯಂತ್ರವಾಗಲು ಸಾಧ್ಯವಿರಲಿಲ್ಲ.

ಅದಾದ ಮೇಲೆ ಆಸ್ಟ್ರೇಲಿಯಾ ತಂದ ಇಸ್ಕಾಸ್ (ರಫ್ತುದಾರರ ಪೂರೈಕೆ ಸರಪಳಿ ಖಾತರಿ) ವ್ಯವಸ್ಥೆ ಈ ವ್ಯಾಪಾರದ ಅತಿ ಮುಖ್ಯ ಸುಧಾರಣೆ. ಹಡಗಿನಿಂದ ಇಳಿದ ಮೇಲೂ ಕೊನೆಯ ಉಸಿರಿನವರೆಗೆ ರಾಸಿನ ಹೊಣೆ ರಫ್ತುದಾರರದೇ. ಕಿವಿಯೋಲೆಯಲ್ಲಿ ವಿದ್ಯುನ್ಮಾನ ಗುರುತು, ಒಪ್ಪಿಗೆ ಪಡೆದ ಕಸಾಯಿಖಾನೆಗೆ ಮಾತ್ರ ಸಾಗಣೆ, ಹೊರಗಿನವರಿಂದ ತಪಾಸಣೆ. ಪ್ರಜ್ಞೆ ತಪ್ಪಿಸಿ ಕೊಲ್ಲುವುದನ್ನು ಇದು ಕಡ್ಡಾಯ ಮಾಡಿಲ್ಲ, ಆದರೆ ಅದರ ಬಳಕೆ ಬಹಳ ಹೆಚ್ಚಿತು. ಹಣೆಗೆ ಏಟು ಹಾಕಿ ಪ್ರಜ್ಞೆ ತಪ್ಪಿಸುವ, ಆದರೆ ತಲೆಬುರುಡೆ ತೂರದ ಬೋಲ್ಟ್ ಗನ್ನಿಗೆ ಅಲ್ಲಿನ ಧಾರ್ಮಿಕ ಒಪ್ಪಿಗೆಯೂ ಇದೆ.

ಈ ಉಪಕರಣ ಕೈಕೊಡುವ ರೀತಿಗಳನ್ನು ತಿಳಿದಿರಬೇಕು. ಪ್ರತಿ ಕಣ್ಣಿನಿಂದ ಎದುರು ಕೋಡಿನ ಬುಡಕ್ಕೆ ಗೆರೆ ಎಳೆದರೆ ಎರಡೂ ಕೂಡುವ ಜಾಗಕ್ಕಿಂತ ಸುಮಾರು 2 ಸೆಂಟಿಮೀಟರ್ ಮೇಲೆ, ಹಣೆಗೆ ನೇರವಾಗಿ ಗನ್ನು ಕೂರಬೇಕು. ತಲೆ ಹಿಡಿದಿಡುವ ಚೌಕಟ್ಟು ಇಲ್ಲದಿದ್ದರೆ ಗುರಿ ತಪ್ಪುತ್ತದೆ. ಒದ್ದೆಯಾದ ತೋಟಾ, ಮಸಿ ಕಟ್ಟಿದ ನಳಿಗೆ ಏಟನ್ನು ಸೋಲಿಸುತ್ತವೆ; ಪ್ರತಿ ಪಾಳಿಯ ನಂತರ ಬಿಚ್ಚಿ ಒರೆಸದ ಗನ್ನು ಬೇಗ ದುರ್ಬಲವಾಗುತ್ತದೆ. ಏಟು ಸರಿಯಾಗಿದ್ದರೆ ರಾಸು ಅಲ್ಲೇ ಕುಸಿಯುತ್ತದೆ, ಲಯದ ಉಸಿರು ನಿಲ್ಲುತ್ತದೆ, ಕಣ್ಣುಗುಡ್ಡೆ ಮುಟ್ಟಿದರೂ ರೆಪ್ಪೆ ಮಿಟುಕುವುದಿಲ್ಲ. ಇಲ್ಲದಿದ್ದರೆ ಕೂಡಲೇ ಎರಡನೆಯ ಏಟು ಹಾಕಬೇಕು. ಅದಕ್ಕೆ ಇನ್ನೊಂದು ಗನ್ನು ಪಕ್ಕದಲ್ಲೇ ಸಿದ್ಧವಿರಬೇಕು. ಈ ಬಗೆಯ ಮೂರ್ಛೆ ತಿಳಿಯಬಲ್ಲದ್ದರಿಂದ 30 ಸೆಕೆಂಡಿನೊಳಗೆ ಕತ್ತು ಕುಯ್ಯಬೇಕು. ಏಟಿಲ್ಲದೆ ಕುಯ್ದಾಗ ದನದ ಪಾಡು ಕುರಿಗಿಂತ ಕಷ್ಟ. ಅದರ ಮಿದುಳಿಗೆ ಬೆನ್ನೆಲುಬಿನೊಳಗಿನ ರಕ್ತನಾಳವೂ ರಕ್ತ ಒಯ್ಯುತ್ತದೆ, ಕುಯ್ದ ನಾಳದ ತುದಿ ಕೆಲವೊಮ್ಮೆ ಊದಿ ಮುಚ್ಚಿಕೊಳ್ಳುತ್ತದೆ. ಪ್ರಜ್ಞೆ ಹೋಗುವುದು ತಡವಾಗುತ್ತದೆ.

ಇಲ್ಲಿ ತಕ್ಕಡಿ ಯಾಕೆ ಸಹಾಯಕ್ಕೆ ಬರುವುದಿಲ್ಲ? ಶೀತಲ ಮಾಂಸದ ಮಾರುಕಟ್ಟೆಯಲ್ಲಿ ಕೊನೆಗಳಿಗೆಯ ಬೆದರಿಕೆಗೆ ದಂಡ ಇದೆ. ಹೆದರಿದ ರಾಸಿನ ಸ್ನಾಯುವಿನಲ್ಲಿ ಸಕ್ಕರೆಯಂಶ ಮುಗಿದಿರುತ್ತದೆ, ಮಾಂಸದ ಪಿಎಚ್ 5.7ಕ್ಕಿಂತ ಕೆಳಗಿಳಿಯದೆ ಬಣ್ಣ ಕಪ್ಪಾಗುತ್ತದೆ, ಬೆಲೆ ಬೀಳುತ್ತದೆ. ಬಿಸಿ ಮಾಂಸ ಮಾತ್ರ ಪಿಎಚ್ ಇಳಿಯುವ ಮುಂಚೆಯೇ ಮಾರಾಟವಾಗುತ್ತದೆ. ಬಾಕ್ಸೊ ಎಂಬ ಮಾಂಸದ ಉಂಡೆ ಮಾಡುವವರಿಗಂತೂ ಚೆನ್ನಾಗಿ ನೀರು ಹಿಡಿಯುವ ಆ ಹಸಿಬಿಸಿ ಮಾಂಸವೇ ಬೇಕು. ರಾಸು ಶಾಂತವಾಗಿ ಸತ್ತರೂ ಒದ್ದಾಡಿ ಸತ್ತರೂ ಸಂತೆಯಲ್ಲಿ ಒಂದೇ ದರ. ಹಾಗಾಗಿ ಈ ಹಂತದ ಖರ್ಚನ್ನೆಲ್ಲ ರಫ್ತುದಾರರ ಪರವಾನಗಿಯ ಭಯವೇ ಹೊರಬೇಕು. ರಾಸು ಒಪ್ಪಿಗೆಯಿಲ್ಲದ ಕಸಾಯಿಖಾನೆಗೆ ಸೋರಿಹೋಗುವುದೂ ಇದರಿಂದಲೇ. ವಿಯೆಟ್ನಾಂನಲ್ಲಿ ಆಸ್ಟ್ರೇಲಿಯಾದ ರಾಸುಗಳನ್ನು ಸುತ್ತಿಗೆಯಿಂದ ಹೊಡೆಯುವ ದೃಶ್ಯಗಳು 2016ರಲ್ಲಿ ಹೊರಬಂದವು. ವ್ಯವಸ್ಥೆ ಕಾಗದದ ಮೇಲೆ ನಾಲ್ಕು ಅಂಕದ್ದು. ರಾತ್ರಿ ಎರಡು ಗಂಟೆಗೆ, ತಪಾಸಕರು ಇಲ್ಲದಾಗ, ಎರಡೂವರೆ.

ಹಾಗಾದರೆ ನಿಲ್ಲಿಸಿಬಿಡಬೇಕೆ? 2011ರ ಜೂನ್ ಮೊದಲ ವಾರ ಆಸ್ಟ್ರೇಲಿಯಾ ಸರ್ಕಾರ ಇಂಡೊನೇಷ್ಯಾಕ್ಕೆ ರಫ್ತನ್ನು ದಿಢೀರನೆ ನಿಲ್ಲಿಸಿ ಜುಲೈ 6ರಂದು ತೆರೆಯಿತು. ಒಂದು ತಿಂಗಳೇ ಆದರೂ ಏಟು ಉದ್ದವಾಯಿತು. ಆಗ ಇಂಡೊನೇಷ್ಯಾ 350 ಕಿಲೋ ಮೀರಿದ ರಾಸು ಒಪ್ಪುತ್ತಿರಲಿಲ್ಲ. ಕಾದು ನಿಂತ ರಾಸು ಆ ಮಿತಿ ದಾಟಿದರೆ ಆ ಮಾರುಕಟ್ಟೆಯೇ ಮುಚ್ಚಿತು. ಹೊಲದಲ್ಲಿ ಉಳಿದ ಹೆಚ್ಚುವರಿ ದನ ಹುಲ್ಲು ಮುಗಿಸಿದವು, ಅದೂ ದನಕ್ಕೇ ಸಂಕಟ. ಇಂಡೊನೇಷ್ಯಾ ಮರುವರ್ಷದ ಕೋಟಾವನ್ನು 2.83 ಲಕ್ಷಕ್ಕೆ ಇಳಿಸಿತು. 2020ರ ಜೂನ್ 2ರಂದು ಫೆಡರಲ್ ನ್ಯಾಯಾಲಯ ಆ ನಿಷೇಧ ಕಾನೂನುಬಾಹಿರವೆಂದು ತೀರ್ಪಿತ್ತು, ದಾವೆ ಹೂಡಿದ್ದ ಬ್ರೆಟ್ ಕ್ಯಾಟಲ್ ಕಂಪನಿಗೆ ಸುಮಾರು 29 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಕೆಟ್ಟ ಕಸಾಯಿಖಾನೆಗಳಿಗೆ ಮಾತ್ರ ಬಾಗಿಲು ಹಾಕಿ ಒಳ್ಳೆಯವಕ್ಕೆ ದಾರಿ ಬಿಟ್ಟಿದ್ದರೆ ಹಿಂಸೆಯೂ ನಿಲ್ಲುತ್ತಿತ್ತು, ನಷ್ಟವೂ ತಪ್ಪುತ್ತಿತ್ತು. ಕುರಿಗಳ ಸಮುದ್ರ ರಫ್ತನ್ನು 2028ರ ಮೇ 1ಕ್ಕೆ ನಿಲ್ಲಿಸುವ ಕಾನೂನು ವರ್ಷಗಳ ಮುನ್ಸೂಚನೆ ಕೊಟ್ಟಿದೆ. ದನಗಳಿಗೆ ಅಂಥ ಕಾನೂನು ಆಗಿಲ್ಲ.

ಮಾರಾಟಗಾರರು ಒಂದೇ ಗಿರಾಕಿಯನ್ನು ನಂಬಿ ಕೂರುವಂತಿಲ್ಲ ಎನ್ನುವುದೂ ನಿಜ. 2016ರಿಂದ ಇಂಡೊನೇಷ್ಯಾ ಭಾರತದ ಎಮ್ಮೆ ಮಾಂಸ ತರಿಸುತ್ತಿದೆ, ಅದು ಅಗ್ಗ. 2022ರಲ್ಲಿ ಅಲ್ಲಿಗೆ ಚರ್ಮಗಂಟು ರೋಗ, ಕಾಲುಬಾಯಿ ಜ್ವರ ಎರಡೂ ಬಂದವು. 2020ರಲ್ಲಿ ಜಾರಿಗೆ ಬಂದ ಎರಡು ದೇಶಗಳ ಒಪ್ಪಂದ ಮೊದಲ ವರ್ಷಕ್ಕೆ 5.75 ಲಕ್ಷ ಗಂಡು ರಾಸುಗಳಿಗೆ ಸುಂಕ ತೆಗೆಯಿತು. ಸುಂಕ ಇಲ್ಲದಿದ್ದರೂ ಕೊಳ್ಳುವವರ ಕೈಯಲ್ಲಿ ಲಾಭ ಉಳಿಯಬೇಕಲ್ಲ.

ಈ ಸೇವೆಗೆ ರಾಸು ಕೊಡುವವರು ಸಹಿ ಹಾಕುವ ಮುಂಚೆ ರಫ್ತುದಾರರಿಂದ ಬರಹದಲ್ಲಿ ಕೇಳಬೇಕಾದ್ದು ಇಷ್ಟು: ಇದೇ ಹಡಗಿನ ಹಿಂದಿನ ಮೂರು ಪಯಣಗಳ ಇಳಿಸಿದ ತೂಕ, ಫೀಡ್‌ಲಾಟ್‌ನ ಮೊದಲ ಹತ್ತು ದಿನದ ಸಾವು, ರಾಸು ಹೋಗುವ ಕಸಾಯಿಖಾನೆಗಳಲ್ಲಿ ಬೋಲ್ಟ್ ಗನ್ ಎಷ್ಟಿವೆ, ಕೊಲ್ಲುವ ಜಾಗದಲ್ಲಿ ಕ್ಯಾಮೆರಾ ಇದೆಯೇ, ದೃಶ್ಯ ಯಾರು ನೋಡುತ್ತಾರೆ. ಕೊನೆಯದಾಗಿ, ತಲುಪಬೇಕಾದ ಬಂದರು ಬೇಡವೆಂದರೆ ಹಡಗು ಹೋಗುವ ಎರಡನೆಯ ಬಂದರು ಯಾವುದು, ಅಲ್ಲಿಯವರೆಗಿನ ಮೇವು ಹಡಗಿನಲ್ಲಿದೆಯೇ? ಈ ಒಂದಕ್ಕೆ ಉತ್ತರ ಬಾರದಿದ್ದರೆ ಲಾರಿಗೆ ದನ ಹತ್ತಿಸಬೇಡಿ.